ನೆಗಡಿಗೆ ಮನೆಮದ್ದು: ಅಳತೆ ತಪ್ಪಿದರೆ ಮದ್ದೇ ಕಾಟ

ದೀಪಾವಳಿ ಕಳೆದು ಮೆಕ್ಕೆಜೋಳದ ರಾಶಿ ರಸ್ತೆ ಬದಿಗೆ ಬಂದು ಬೀಳುವ ಹೊತ್ತಿಗೆ ದಾವಣಗೆರೆ ಸುತ್ತಮುತ್ತ ಮನೆಗೊಬ್ಬರಾದರೂ ಮೂಗು ಒರೆಸಿಕೊಳ್ಳುತ್ತಿರುತ್ತಾರೆ. ಚಿತ್ರದುರ್ಗದ ಕಡೆ ಹೋದರೆ ಅದರ ಜೊತೆಗೆ ಗಾಳಿ. ಬೆಳಗಿನ ಜಾವದ ಚಳಿ, ಹಗಲಿನ ಒಣಹವೆ, ಮಧ್ಯೆ ಗಂಟಲು ಒಣಗಿ ಕೆರೆತ. ಒಲೆ ಮೇಲೆ ಕಷಾಯ ಏರುತ್ತದೆ. ಅದು ಏರಬೇಕಾದ್ದೇ. ಆದರೆ ಎಷ್ಟು ಮೆಣಸು, ಎಷ್ಟು ಶುಂಠಿ, ದಿನಕ್ಕೆ ಎಷ್ಟು ಲೋಟ ಎಂದು ಕೇಳಿದರೆ ‘ಒಂದು ಅಂದಾಜಿಗೆ ಹಾಕೋದು’ ಎನ್ನುತ್ತಾರೆ. ಮನೆಮದ್ದು ಕೆಡುವುದು ಈ ಅಂದಾಜಿನಲ್ಲೇ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಯಾವ ಕಷಾಯವೂ ನೆಗಡಿಯನ್ನು ಓಡಿಸುವುದಿಲ್ಲ. ನೆಗಡಿ ತರುವ ವೈರಸ್‌ಗಳು 200ಕ್ಕೂ ಹೆಚ್ಚಿವೆ, ಅವುಗಳಲ್ಲಿ ರೈನೋವೈರಸ್‌ದೇ ದೊಡ್ಡ ಪಾಲು. ಒಳಗೆ ಹೊಕ್ಕ ಒಂದರಿಂದ ಮೂರು ದಿನಕ್ಕೆ ಗಂಟಲು ಕೆರೆಯುತ್ತದೆ, ಆಮೇಲೆ ಮೂಗು ಸುರಿಯುತ್ತದೆ, ಮೂರನೇ ದಿನದ ಹೊತ್ತಿಗೆ ಕಟ್ಟುತ್ತದೆ, ಏಳರಿಂದ ಹತ್ತು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಕೆಮ್ಮು ಮಾತ್ರ ಎರಡು ವಾರ, ಕೆಲವೊಮ್ಮೆ ಮೂರು ವಾರ ಎಳೆಯಬಹುದು. ಔಷಧಿ ತಗೊಂಡರೆ ಏಳು ದಿನ, ತಗೊಳ್ಳದಿದ್ದರೆ ಒಂದು ವಾರ ಎಂದು ಹಿರಿಯರು ಆಡುವ ತಮಾಷೆಯಲ್ಲಿ ಸುಳ್ಳೇನಿಲ್ಲ. ಮನೆಮದ್ದಿನ ಕೆಲಸ ಆ ಏಳು ದಿನ ಉಸಿರಾಡಲು, ನುಂಗಲು, ಮಲಗಲು ಅನುವು ಮಾಡಿಕೊಡುವುದು. ಆದ್ದರಿಂದ ‘ನೆಗಡಿಗೆ ಏನು ಮದ್ದು’ ಎಂದು ಕೇಳುವುದಕ್ಕಿಂತ ಈ ಹೊತ್ತು ಕಾಡುತ್ತಿರುವುದು ಗಂಟಲೋ, ಮೂಗೋ, ಕೆಮ್ಮೋ ನೋಡಿ, ಅದಕ್ಕೆ ತಕ್ಕದ್ದನ್ನು ಮಾಡಿಕೊಳ್ಳಿ.

ಇದು ನೆಗಡಿಯೇ ಹೌದಾ?

ರಾಶಿ ಮಾಡುವ ಕಾಲದಲ್ಲಿ ಇದನ್ನು ಕೇಳಿಕೊಳ್ಳಲೇಬೇಕು. ಮೆಕ್ಕೆಜೋಳದ ರವದಿ, ಭತ್ತದ ಹೊಟ್ಟು, ಶೇಂಗಾ ಸಿಪ್ಪೆಯ ಧೂಳು ಮೂಗಿಗೆ ಹೋದರೂ ಸೀನು ಬರುತ್ತದೆ, ನೀರು ಸುರಿಯುತ್ತದೆ. ಸಾಲು ಸಾಲು ಸೀನು, ಕಣ್ಣು ಮೂಗಿನಲ್ಲಿ ತುರಿಕೆ, ಜ್ವರವಿಲ್ಲ, ಮೈಕೈ ನೋವಿಲ್ಲ, ಎರಡು ವಾರವಾದರೂ ಬಿಡುತ್ತಿಲ್ಲ, ಹೋದ ವರ್ಷವೂ ಇದೇ ತಿಂಗಳಲ್ಲಿ ಹೀಗೇ ಆಗಿತ್ತು ಎಂದಾದರೆ ಅದು ಧೂಳಿನ ಅಲರ್ಜಿ. ಅದಕ್ಕೆ ಮೆಣಸಿನ ಕಷಾಯ ಎಷ್ಟು ಕುಡಿದರೂ ಅಷ್ಟೇ. ಕಣದಲ್ಲಿ ಮಾಸ್ಕ್ ಅಥವಾ ಎರಡು ಮಡಿಕೆ ಬಟ್ಟೆ ಕಟ್ಟಿಕೊಳ್ಳುವುದು, ಮನೆಗೆ ಬಂದ ಕೂಡಲೇ ಬಟ್ಟೆ ಬದಲಿಸಿ ಉಪ್ಪುನೀರಿನಲ್ಲಿ ಮೂಗು ತೊಳೆಯುವುದು ಇದಕ್ಕೆ ಆಗಿಬರುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಮೂಗು ಸುರಿಯುತ್ತಿಲ್ಲ, ಆದರೆ ಒಮ್ಮೆಲೇ ಜೋರು ಜ್ವರ, ಕಣ್ಣಿನ ಹಿಂಭಾಗ ನೋವು, ಕೀಲು ನೋವು ಬಂದಿದ್ದರೆ ಅದನ್ನು ನೆಗಡಿಯ ಲೆಕ್ಕಕ್ಕೆ ಸೇರಿಸಬೇಡಿ. ಡೆಂಗಿ ಇರಬಹುದು, ರಕ್ತ ಪರೀಕ್ಷೆ ಮಾಡಿಸಬೇಕು. ಅಲ್ಲಿಯವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ಮುಟ್ಟಬಾರದು, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಗಂಟಲಿಗೆ, ಮೂಗಿಗೆ ಉಪ್ಪುನೀರು

ಅಗ್ಗದ ಮದ್ದು ಎಂದು ಇದನ್ನು ಎಲ್ಲರೂ ಕಡೆಗೆ ಇಡುತ್ತಾರೆ. ನಮ್ಮನ್ನು ಕೇಳಿದರೆ ಮೊದಲು ಇದು, ಆಮೇಲೆ ಕಷಾಯ.

ಬಾಯಿ ಮುಕ್ಕಳಿಸಲು: 200 ಮಿಲಿ ಉಗುರು ಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಪುಡಿ ಉಪ್ಪು. ಒಂದು ಗುಟುಕು ಬಾಯಿಗೆ ಹಾಕಿ, ತಲೆ ಹಿಂದಕ್ಕೆ ಬಾಗಿಸಿ, 15ರಿಂದ 20 ಸೆಕೆಂಡು ಗಂಟಲಲ್ಲಿ ‘ಗರಗರ’ ಅನಿಸಿ ಉಗುಳಿ. ಲೋಟ ಮುಗಿಯುವವರೆಗೆ ಹೀಗೆ, ದಿನಕ್ಕೆ ಮೂರು ನಾಲ್ಕು ಸಲ. ಉಪ್ಪು ಹೆಚ್ಚಾದರೆ ಗಂಟಲು ಇನ್ನಷ್ಟು ಒಣಗುತ್ತದೆ. ಕುದಿಯುವಷ್ಟು ಬಿಸಿ ಇದ್ದರೆ ಊದಿದ ಗಂಟಲು ಸುಡುತ್ತದೆ. ಗರಗರ ಅನ್ನಲು ಬಾರದ ಸಣ್ಣ ಮಕ್ಕಳಿಗೆ ಇದು ಬೇಡ, ನುಂಗಿಬಿಡುತ್ತಾರೆ.

ಮೂಗು ತೊಳೆಯುವ ನೀರಿಗೆ ಅಳತೆ ಇನ್ನೂ ಬಿಗಿ. ನಮ್ಮ ರಕ್ತದಲ್ಲಿರುವ ಉಪ್ಪಿನ ಪ್ರಮಾಣಕ್ಕೆ ಹೊಂದಿದರೆ, ಅಂದರೆ ಲೀಟರಿಗೆ 9 ಗ್ರಾಂ ಇದ್ದರೆ, ಮೂಗು ಉರಿಯುವುದಿಲ್ಲ. ಬರೀ ನೀರು ಹಾಕಿದರೂ ಉರಿ, ಉಪ್ಪು ಜಾಸ್ತಿಯಾದರೂ ಉರಿ. ನೀರನ್ನು ಚೆನ್ನಾಗಿ ಮರಳಿಸಿ, ಮುಚ್ಚಿಟ್ಟು ಉಗುರು ಬೆಚ್ಚಗೆ ಆಗುವವರೆಗೆ ಆರಿಸಿ. ಅದರಲ್ಲಿ ಅರ್ಧ ಲೀಟರ್ ಅಳೆದುಕೊಂಡು ಮುಕ್ಕಾಲು ಟೀ ಚಮಚ ಪುಡಿ ಉಪ್ಪು ಹಾಕಿ. ಚಮಚದ ಮೇಲೆ ಗೋಪುರ ಕಟ್ಟಬೇಡಿ, ಬೆರಳಿನಿಂದ ಮಟ್ಟ ಮಾಡಿ. ಹರಳುಪ್ಪಾದರೆ ಚಮಚದ ಲೆಕ್ಕ ಕೂಡುವುದಿಲ್ಲ, ಪುಡಿ ಮಾಡಿ ಅಳೆಯಿರಿ. ಚಿಟಿಕೆ ಅಡುಗೆ ಸೋಡಾ ಸೇರಿಸಿದರೆ ಚುರುಕು ಇನ್ನೂ ತಗ್ಗುತ್ತದೆ.

ನೀರು ಕುದಿಸಿ ಆರಿಸಿದ್ದೇ ಆಗಿರಬೇಕು. ನಲ್ಲಿ ನೀರನ್ನು ನೇರ ಮೂಗಿಗೆ ಏರಿಸಿದರೆ, ಅಪರೂಪಕ್ಕಾದರೂ, ಮಿದುಳಿಗೆ ಹೋಗುವ ಅಮೀಬಾ ಸೇರುವ ಅಪಾಯವಿದೆ. ಕುಡಿದರೆ ಅದು ಏನೂ ಮಾಡದು, ಮೂಗಿನ ದಾರಿಯೇ ಅದಕ್ಕೆ ಬಾಗಿಲು. ಬೋರ್‌ವೆಲ್‌ನ ಗಡಸು ನೀರು ಕುದಿಸಿದ ಮೇಲೂ ಸ್ವಲ್ಪ ಚುರುಗುಟ್ಟುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರಿದ್ದರೆ ಅದನ್ನೇ ಕುದಿಸಿಕೊಳ್ಳಿ. ಒಮ್ಮೆ ಮಾಡಿದ ನೀರು ಒಂದು ದಿನಕ್ಕಷ್ಟೇ, ಉಳಿದದ್ದು ಚೆಲ್ಲಿ.

ಸೂಜಿ ಇಲ್ಲದ 10 ಮಿಲಿ ಸಿರಿಂಜ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಬಚ್ಚಲಲ್ಲಿ ಮುಂದಕ್ಕೆ ಬಾಗಿ, ತಲೆಯನ್ನು ಒಂದು ಬದಿಗೆ ಓರೆ ಮಾಡಿ, ಮೇಲಿನ ಹೊಳ್ಳೆಗೆ ನಿಧಾನವಾಗಿ ನೀರು ಬಿಡಿ. ಬಾಯಲ್ಲಿ ಉಸಿರಾಡುತ್ತಾ ‘ಆ’ ಎನ್ನುತ್ತಿದ್ದರೆ ನೀರು ಗಂಟಲಿಗೆ ಇಳಿಯುವುದಿಲ್ಲ, ಕೆಳಗಿನ ಹೊಳ್ಳೆಯಿಂದ ಹೊರಬರುತ್ತದೆ. ಆಮೇಲೆ ಒಂದೊಂದೇ ಹೊಳ್ಳೆ ಮುಚ್ಚಿ ಮೆಲ್ಲಗೆ ಸಿಂಬಳ ಸೀಟಿ ತೆಗೆಯಿರಿ. ಎರಡೂ ಹೊಳ್ಳೆ ಹಿಡಿದು ಜೋರಾಗಿ ಸೀಟಿದರೆ ಸಿಂಬಳ ಸೈನಸ್‌ಗೂ ಕಿವಿಗೂ ತಳ್ಳಿಕೊಂಡು ಹೋಗುತ್ತದೆ. ನೆಗಡಿ ಜೊತೆ ಕಿವಿನೋವು ಶುರುವಾಗುವ ದಾರಿಗಳಲ್ಲಿ ಇದೂ ಒಂದು. ಕಿವಿನೋವು ಆಗಲೇ ಇದ್ದರೆ ಈ ತೊಳೆಯುವ ಕೆಲಸವೇ ಬೇಡ.

ಕಷಾಯದ ಪುಡಿ

ಹಸಿಶುಂಠಿ ಜಜ್ಜಿ, ಕೈಗೆ ಬಂದಷ್ಟು ಮೆಣಸು ಹಾಕಿ ಕುದಿಸಿದರೆ ಕಣ್ಣಲ್ಲಿ ನೀರು ಬರುವ ಖಾರ ಬರುತ್ತದೆ. ಖಾರ ಮೂಗನ್ನು ಹರಿಯುವಂತೆ ಮಾಡುವುದರಿಂದ ಕಟ್ಟಿದ ಮೂಗು ಐದು ನಿಮಿಷ ಬಿಟ್ಟ ಹಾಗೆ ಅನಿಸುತ್ತದೆ. ಅಷ್ಟಕ್ಕೇ ‘ಕೆಲಸ ಮಾಡ್ತು’ ಎಂದು ದಿನಕ್ಕೆ ನಾಲ್ಕು ಲೋಟ ಖಾಲಿ ಹೊಟ್ಟೆಗೆ ಕುಡಿಯುತ್ತಾರೆ. ಎರಡನೇ ದಿನ ಎದೆಯುರಿ, ಹುಳಿತೇಗು. ಹೊಟ್ಟೆಯ ಹುಳಿ ಗಂಟಲಿಗೆ ಬಂದರೆ ಒಣಕೆಮ್ಮು ಹೆಚ್ಚುತ್ತದೆ, ಆಗ ಮತ್ತೊಂದು ಲೋಟ ಕಷಾಯ! ರಾತ್ರಿ ಮಲಗಿದಾಗಷ್ಟೇ ಕೆಮ್ಮು ಏರುತ್ತಿದ್ದರೆ ಕಷಾಯ ಒಂದು ದಿನ ನಿಲ್ಲಿಸಿ ನೋಡಿ.

ಹದವಾದ ಪುಡಿಯ ಲೆಕ್ಕ ಇದು: ಕೊತ್ತಂಬರಿ ಬೀಜ 50 ಗ್ರಾಂ, ಜೀರಿಗೆ 25, ಕಾಳುಮೆಣಸು 10, ಒಣಶುಂಠಿ 10, ಮೆಂತ್ಯ 5. ಒಟ್ಟು 100 ಗ್ರಾಂ, ಸುಮಾರು 40ರಿಂದ 50 ಲೋಟಕ್ಕೆ ಸಾಕು. ಕೊತ್ತಂಬರಿಯೇ ಅರ್ಧದಷ್ಟು ಇರುವುದಕ್ಕೆ ಕಾರಣವಿದೆ. ಅದು ಖಾರವನ್ನು ತಣಿಸಿ ಹೊಟ್ಟೆಗೆ ಹಗುರ ಮಾಡುತ್ತದೆ. ಮೆಣಸನ್ನು ಕೊತ್ತಂಬರಿಯ ಸಮಕ್ಕೆ ಹಾಕುವವರ ಪುಡಿ ಡಬ್ಬಿಯಲ್ಲೇ ಉಳಿದು ಹಾಳಾಗುತ್ತದೆ, ಮನೆಯಲ್ಲಿ ಎರಡನೇ ಸಲ ಯಾರೂ ಕುಡಿಯುವುದಿಲ್ಲ.

ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ. ಕೊತ್ತಂಬರಿ ಮೂರು ನಾಲ್ಕು ನಿಮಿಷ, ಘಮ್ಮೆಂದು ಬಣ್ಣ ತುಸು ತಿರುಗುವವರೆಗೆ. ಮೆಂತ್ಯ ಕೆಂಪಗಾದರೆ ಸಾಕು, ಕಪ್ಪಾದರೆ ಇಡೀ ಪುಡಿ ಕಹಿ. ಮೆಣಸು ಒಂದೆರಡು ಚಟಪಟ ಎಂದ ಕೂಡಲೇ ತೆಗೆಯಿರಿ. ಜೀರಿಗೆಗೆ ಬಾಣಲೆಯ ಕಾವೇ ಸಾಕು, ಉರಿ ಆರಿಸಿ ಹಾಕಿ ಕೈಯಾಡಿಸಿ. ಎಲ್ಲ ಒಟ್ಟಿಗೆ ಹಾಕಿ ಹುರಿದರೆ ಕೊತ್ತಂಬರಿ ಹುರಿಯುವಷ್ಟರಲ್ಲಿ ಜೀರಿಗೆ ಸುಟ್ಟಿರುತ್ತದೆ. ಒಣಶುಂಠಿ ಹುರಿಯುವುದು ಬೇಡ, ಕುಟ್ಟಾಣಿಯಲ್ಲಿ ಜಜ್ಜಿ ಚೂರು ಮಾಡಿ. ಇಡಿಯಾಗಿ ಮಿಕ್ಸಿಗೆ ಹಾಕಿದರೆ ಬ್ಲೇಡ್ ಹೋಗುತ್ತದೆ. ಗ್ರಂಥಿಗೆ ಅಂಗಡಿಯಲ್ಲಿ ಒಣಶುಂಠಿ ಕೊಳ್ಳುವಾಗ ಒಂದನ್ನು ಮುರಿದು ನೋಡಿ. ಒಳಗೆ ಸಣ್ಣ ತೂತು, ಹಿಟ್ಟಿನಂಥ ಪುಡಿ ಕಂಡರೆ ಹುಳು ಹೊಡೆದದ್ದು.

ಹುರಿದದ್ದು ಪೂರ್ತಿ ಆರಿದ ಮೇಲೆ ತರಿತರಿಯಾಗಿ ಪುಡಿ ಮಾಡಿ, ಒಣ ಗಾಜಿನ ಬಾಟಲಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ, ಗಂಟು ಕಟ್ಟಿ, ಬೂಷ್ಟು ಬರುತ್ತದೆ. ಎರಡು ತಿಂಗಳು ಘಮ ಉಳಿಯುತ್ತದೆ. ಆಮೇಲೆ ಕೆಡುವುದಿಲ್ಲ, ಆದರೆ ಸಪ್ಪೆ.

ಕಾಸುವಾಗ 250 ಮಿಲಿ ನೀರಿಗೆ ಒಂದು ಟೀ ಚಮಚ ಪುಡಿ. ಸಣ್ಣ ಉರಿಯಲ್ಲಿ ಐದಾರು ನಿಮಿಷ ಕುದಿದು 200 ಮಿಲಿಗೆ ಇಳಿಯಲಿ. ಒಂದು ಚಮಚ ಬೆಲ್ಲ ಹಾಕಿ, ಕರಗಿದ ಮೇಲೆ ಸೋಸಿ. ಹಾಲು ಬೇಕೆಂದರೆ ಕಷಾಯ ಇಳಿಸಿ ಒಂದು ನಿಮಿಷ ಬಿಟ್ಟು, ಬೇರೆ ಕಾಸಿದ 50 ಮಿಲಿ ಹಾಲು ಬೆರೆಸಿ. ಬೆಲ್ಲ ಹಾಕಿದ ಕಷಾಯಕ್ಕೆ ಒಲೆ ಮೇಲೆಯೇ ಹಾಲು ಸುರಿದರೆ ಒಡೆಯುತ್ತದೆ, ಬೆಲ್ಲದ ಹುಳಿ ಅಂಶಕ್ಕೆ. ಹಳೆ ಬೆಲ್ಲವಾದರಂತೂ ಖಂಡಿತ. ‘ನೆಗಡಿಗೆ ಹಾಲು ಕಫ ಮಾಡುತ್ತೆ’ ಎಂಬ ಭಯ ಬೇಡ. ಹಾಲು ಎಂಜಲಿನ ಜೊತೆ ಬೆರೆತು ಬಾಯಿ ಸ್ವಲ್ಪ ಅಂಟಂಟಾಗುತ್ತದೆ, ಅದನ್ನೇ ಕಫ ಎಂದುಕೊಳ್ಳುತ್ತೇವೆ.

ದೊಡ್ಡವರಿಗೆ ದಿನಕ್ಕೆ ಎರಡು ಲೋಟ, ಏನಾದರೂ ತಿಂದ ಮೇಲೆ. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಡಿ, ಬೆಲ್ಲವೂ ಸಕ್ಕರೆಯನ್ನು ಸಕ್ಕರೆಯಷ್ಟೇ ಏರಿಸುತ್ತದೆ. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಶುಂಠಿ, ಬೆಳ್ಳುಳ್ಳಿ, ಅರಿಶಿನವನ್ನು ಅಡುಗೆಯ ಪ್ರಮಾಣಕ್ಕೆ ನಿಲ್ಲಿಸಬೇಕು. ಬಸುರಿಯರಿಗೂ ಇದೇ ಲೆಕ್ಕ, ಜೊತೆಗೆ ಆಡುಸೋಗೆ ಸೊಪ್ಪಿನ ಕಷಾಯ ಅವರಿಗೆ ಪೂರ್ತಿ ವರ್ಜ್ಯ. ಗಂಟಲಿಗೆ ಹಿತವೆಂದು ಜೇಷ್ಠಮಧು ಕಡ್ಡಿ ದಿನವಿಡೀ ಅಗಿಯುವವರಿದ್ದಾರೆ. ಬಿಪಿ ಇರುವವರಿಗೆ ಅದು ಒಳ್ಳೆಯದಲ್ಲ, ಬಿಪಿ ಏರಿಸುತ್ತದೆ.

ತುಳಸಿ, ದೊಡ್ಡಪತ್ರೆ

ಹಸಿ ಎಲೆಗಳದ್ದು ಬೇರೆ ಪಾಕ. ತುಳಸಿಯ ಗುಣ ಇರುವುದು ಅದರ ಘಮದಲ್ಲಿ, ಘಮವೆಂದರೆ ಹಾರಿಹೋಗುವ ಎಣ್ಣೆ. ಹದಿನೈದು ನಿಮಿಷ ಕೊತಕೊತ ಕುದಿಸಿದರೆ ಮನೆಯೆಲ್ಲ ಘಮಘಮ, ಲೋಟದಲ್ಲಿ ಬಣ್ಣದ ನೀರು. 300 ಮಿಲಿ ನೀರಿಗೆ ಹೆಬ್ಬೆರಳ ಒಂದು ಗೆಣ್ಣಿನಷ್ಟು ಹಸಿಶುಂಠಿ, ಜಜ್ಜಿದ ನಾಲ್ಕು ಮೆಣಸು ಹಾಕಿ 200 ಮಿಲಿಗೆ ಇಳಿಸಿ, ಉರಿ ಆರಿಸಿ, ಆಗ ಹತ್ತು ಹನ್ನೆರಡು ತುಳಸಿ ಎಲೆ ಕಿವುಚಿ ಹಾಕಿ ಐದು ನಿಮಿಷ ತಟ್ಟೆ ಮುಚ್ಚಿ.

ದೊಡ್ಡಪತ್ರೆಯ ನಾಲ್ಕೈದು ಎಲೆಯನ್ನು ತವೆ ಮೇಲೆ ಬಾಡಿಸಿ, ಕೈ ತಾಳುವಷ್ಟು ಆರಿದ ಮೇಲೆ ಹಿಂಡಿದರೆ ಒಂದು ಟೀ ಚಮಚ ರಸ ಬರುತ್ತದೆ. ಹಸಿ ಎಲೆ ಹಿಂಡಿದರೆ ಅಷ್ಟು ಬಾರದು, ಘಾಟೂ ಜಾಸ್ತಿ. ಅಷ್ಟೇ ಜೇನು ಬೆರೆಸಿ, ದಿನಕ್ಕೆ ಎರಡು ಸಲ, ದೊಡ್ಡವರಿಗೆ. ಇದೇ ಎಲೆಯ ಬಜ್ಜಿ ರುಚಿ ಹೌದು, ಮದ್ದು ಅಲ್ಲ. ಆ ಸಾಲಿಗೆ ಮಂಡಕ್ಕಿ ಮೆಣಸಿನಕಾಯಿಯನ್ನೂ ಸೇರಿಸಿಕೊಳ್ಳಿ. ನಾಲಿಗೆ ಸಪ್ಪೆಯಾದಾಗ ದಾವಣಗೆರೆಯವರ ಕಾಲು ತಾನಾಗಿ ಮಿರ್ಚಿ ಅಂಗಡಿ ಕಡೆ ಎಳೆಯುತ್ತದೆ. ಮೂಗು ಬಿಡುವುದೂ ನಿಜ, ಕರಿದ ಎಣ್ಣೆಗೆ ರಾತ್ರಿ ಗಂಟಲು ಕೆರೆಯುವುದೂ ನಿಜ.

ಊಟದಲ್ಲೇ ಮದ್ದು

ನೆಗಡಿಯಲ್ಲಿ ಹಸಿವು ಕಮ್ಮಿ, ಬಾಯಿಗೆ ರುಚಿಯಿಲ್ಲ, ನೀರು ಕುಡಿಯುವುದೂ ಮರೆಯುತ್ತದೆ. ನಮ್ಮ ಕಡೆಯ ಒಣಹವೆಯಲ್ಲಿ ಮೈಯಲ್ಲಿ ನೀರು ತಗ್ಗಿದರೆ ಸಿಂಬಳ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬಿಸಿ ಸಾರು ಮೂರೂ ಕೆಲಸ ಮಾಡುತ್ತದೆ: ನೀರು, ಉಪ್ಪು, ಮೂಗಿಗೆ ಹಬೆ.

ನಾಲ್ಕು ಜನರ ಮೆಣಸಿನ ಸಾರಿಗೆ ಚಿಕ್ಕ ನಿಂಬೆ ಗಾತ್ರದ ಹುಣಸೆಹಣ್ಣು ಒಂದು ಲೋಟ ಬಿಸಿನೀರಲ್ಲಿ ನೆನೆಯಲಿ. ಒಂದೂವರೆ ಟೀ ಚಮಚ ಮೆಣಸು, ಎರಡು ಚಮಚ ಜೀರಿಗೆ, ಸಿಪ್ಪೆ ಸಹಿತ ಎಂಟು ಎಸಳು ಬೆಳ್ಳುಳ್ಳಿ, ಇವನ್ನು ಕುಟ್ಟಾಣಿಯಲ್ಲಿ ತರಿಯಾಗಿ ಕುಟ್ಟಿ. ಮಿಕ್ಸಿಯಲ್ಲಿ ನುಣ್ಣಗೆ ಮಾಡಿದರೆ ಸಾರು ಕಲಕಲಾಗಿ ಖಾರ ಗಂಟಲಿಗೆ ಅಂಟುತ್ತದೆ. ಹುಣಸೆ ರಸ, ಹಿಚುಕಿದ ಒಂದು ಟೊಮೆಟೊ, ಉಪ್ಪು, ಕರಿಬೇವು ಸೇರಿಸಿ ಹಸಿ ವಾಸನೆ ಹೋಗುವಂತೆ ಆರೇಳು ನಿಮಿಷ ಕುದಿಸಿ. ಮುಕ್ಕಾಲು ಲೀಟರ್ ನೀರು ಹಾಕಿ, ಅದು ಕಾದ ಮೇಲೆ ಕುಟ್ಟಿದ್ದನ್ನು ಬಿಡಿ. ಮೇಲೆ ನೊರೆ ಉಕ್ಕಿ ಬಂದ ಕ್ಷಣ ಇಳಿಸಬೇಕು. ಮೆಣಸು ಹಾಕಿದ ಮೇಲೆ ಹೆಚ್ಚು ಕುದಿದರೆ ಕಹಿ. ತುಪ್ಪದಲ್ಲಿ ಸಾಸಿವೆ, ಇಂಗು, ಒಂದು ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆ. ಗಂಟಲು ಹುಣ್ಣಿನಂತೆ ನೋಯುತ್ತಿದ್ದರೆ ಹುಣಸೆ ಬಿಟ್ಟು ಟೊಮೆಟೊ ಮಾತ್ರ ಸಾಕು. ಮೆತ್ತಗೆ ಬೇಯಿಸಿದ ಅನ್ನಕ್ಕೆ ಕಲಸಿಕೊಳ್ಳಿ, ಒಂದು ಬಟ್ಟಲು ಹಾಗೆಯೇ ಕುಡಿಯಿರಿ.

ಹುರುಳಿ ಬೆಳೆಯುವ ನಾಡಿನಲ್ಲಿ ಹುರುಳಿ ಕಟ್ಟನ್ನು ಬಿಡುವ ಹಾಗಿಲ್ಲ. 100 ಗ್ರಾಂ ಹುರುಳಿ ಕಲ್ಲು ಆರಿಸಿ ರಾತ್ರಿ ನೆನೆಸಿ, ಬೆಳಗ್ಗೆ ಒಂದು ಲೀಟರ್ ನೀರಲ್ಲಿ ಕುಕ್ಕರಿಗೆ ಇಟ್ಟು ಐದಾರು ಸೀಟಿ ಬರಿಸಿ. ಬಸಿದ ಕಟ್ಟಿಗೆ ಬೆಳ್ಳುಳ್ಳಿ, ಜೀರಿಗೆ, ಅರ್ಧ ಚಮಚ ಮೆಣಸು ಕುಟ್ಟಿ ಹಾಕಿ, ಉಪ್ಪು ಹುಳಿ ಹದ ಮಾಡಿ ಒಂದು ಕುದಿ. ನೆನೆಸದೆ ಬೇಯಿಸಿದರೆ ಕಾಳು ಗಟ್ಟಿ, ಕಟ್ಟೂ ನೀರುನೀರು. ಬಸಿದ ಕಾಳನ್ನು ಪಲ್ಯ ಮಾಡಿ ಮನೆಯವರು ಮುದ್ದೆ, ರೊಟ್ಟಿ ಜೊತೆ ತಿನ್ನಲಿ, ನೆಗಡಿಯಾದವರಿಗೆ ಕಟ್ಟಷ್ಟೇ ಹಗುರ.

ಏನೂ ಸೇರದವರಿಗೆ ರಾಗಿ ಗಂಜಿ. ಎರಡು ದೊಡ್ಡ ಚಮಚ ಹಿಟ್ಟನ್ನು ಮೊದಲು 100 ಮಿಲಿ ತಣ್ಣೀರಲ್ಲಿ ಕದಡಿ, ಆಮೇಲೆ ಕುದಿಯುವ 400 ಮಿಲಿ ನೀರಿಗೆ ಬಿಟ್ಟು ಆರೇಳು ನಿಮಿಷ ತಿರುವಿ. ಹಿಟ್ಟನ್ನು ನೇರ ಬಿಸಿನೀರಿಗೆ ಉದುರಿಸಿದರೆ ಗಂಟು. ಉಪ್ಪು, ಚಿಟಿಕೆ ಜೀರಿಗೆ ಪುಡಿ ಸಾಕು. ಮೊಸರು, ಬಾಳೆಹಣ್ಣು ನೆಗಡಿ ತರುವುದಿಲ್ಲ, ಗಂಟಲಿಗೆ ಒಗ್ಗಿದರೆ ತಿನ್ನಬಹುದು. ಫ್ರಿಜ್ಜಿನಿಂದ ತೆಗೆದದ್ದನ್ನು ಸ್ವಲ್ಪ ಹೊತ್ತು ಹೊರಗಿಟ್ಟರೆ ಆಯಿತು.

ಹಬೆ

ಹಬೆ ಹಿಡಿದರೆ ನೆಗಡಿಯ ದಿನಗಳು ಕಡಿಮೆಯಾಗುವುದಿಲ್ಲ, ಕಟ್ಟಿದ ಮೂಗಿಗೆ ತಾತ್ಕಾಲಿಕ ನಿರಾಳ. ಇದರಲ್ಲಿ ಆಗುವ ಅನಾಹುತವೆಲ್ಲ ಪಾತ್ರೆ ಮಗುಚಿ ಆಗುವ ಸುಟ್ಟ ಗಾಯ. ಆದ್ದರಿಂದ ಒಲೆ ಮೇಲಿನ ಪಾತ್ರೆಗೇ ತಲೆಬಗ್ಗಿಸಬೇಡಿ, ಮಡಿಲಲ್ಲಿ ಇಟ್ಟುಕೊಳ್ಳಬೇಡಿ. ಅಗಲ ತಳದ ಪಾತ್ರೆಗೆ ಅರ್ಧದಷ್ಟು ಮಾತ್ರ ಬಿಸಿನೀರು, ಅಲುಗಾಡದ ಮೇಜಿನ ಮೇಲೆ ಇಟ್ಟು ಎರಡು ನಿಮಿಷ ಬಿಡಿ, ಕುದಿಯುವ ನೀರಿನ ಮೊದಲ ಹಬೆ ಮುಖ ಸುಡುತ್ತದೆ. ನೀರಿನಿಂದ ಮುಖ ಒಂದೂವರೆ ಗೇಣು ದೂರ ಇರಲಿ. ಕಣ್ಣು ಮುಚ್ಚಿ, ತಲೆ ಮೇಲೆ ತೆಳು ಟವೆಲ್ ಹೊದ್ದು, ಐದರಿಂದ ಹತ್ತು ನಿಮಿಷ, ದಿನಕ್ಕೆ ಎರಡು ಸಲ. ದಪ್ಪ ಕಂಬಳಿ ಹೊದ್ದು ಬೆವರಿಳಿಸುವುದರಿಂದ ಲಾಭವಿಲ್ಲ, ತಲೆಸುತ್ತು ಬರುತ್ತದೆ.

ನೀರಿಗೆ ನಾಲ್ಕು ದೊಡ್ಡಪತ್ರೆ ಎಲೆ ಅಥವಾ ಎರಡು ಹನಿ ನೀಲಗಿರಿ ಎಣ್ಣೆ ಸಾಕು. ಚಮಚಗಟ್ಟಲೆ ಹಾಕಿದರೆ ಕಣ್ಣು ಉರಿದು ಕೆಮ್ಮು ಕೆರಳುತ್ತದೆ. ಬಾಮ್ ಹಾಕಿದ ನೀರನ್ನು ಒಲೆ ಮೇಲೆ ಮತ್ತೆ ಕಾಯಿಸಬಾರದು, ಮುಖಕ್ಕೆ ಸಿಡಿಯುತ್ತದೆ. ಆಸ್ತಮಾ, ಮೂರ್ಛೆ ರೋಗ ಇರುವವರಿಗೆ ಬರೀ ನೀರಿನ ಹಬೆಯೇ ಒಳ್ಳೆಯದು.

ಬಚ್ಚಲುಮನೆಯ ಬಾಗಿಲು, ಕಿಟಕಿ ಮುಚ್ಚಿ ಬಿಸಿನೀರು ಬಿಟ್ಟು ಹಬೆ ತುಂಬಿಸುವ ಅಭ್ಯಾಸವೂ ಇದೆ. ಒಳಗೆ ಗ್ಯಾಸ್ ಗೀಸರ್ ಇದ್ದರೆ ಖಂಡಿತ ಬೇಡ. ಗಾಳಿ ಆಡದ ಜಾಗದಲ್ಲಿ ಅದು ಉರಿದರೆ ವಾಸನೆ ಬಣ್ಣ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿ, ಗೊತ್ತಾಗುವ ಮೊದಲೇ ಪ್ರಜ್ಞೆ ಹೋಗುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಬುಟ್ಟಿ ಇಟ್ಟು ಮಲಗುವುದೂ ಅಷ್ಟೇ ಅಪಾಯ.

ರಾತ್ರಿಯ ಕೆಮ್ಮು

ಮಲಗಿದರೆ ಮೂಗಿನ ನೀರು ಹಿಂದಿನಿಂದ ಗಂಟಲಿಗೆ ಇಳಿದು ಕೆಮ್ಮು ತರುತ್ತದೆ. ತಲೆದಿಂಬು ಒಂದರ ಬದಲು ಎರಡು ಮಾಡಿ, ಭುಜದಿಂದಲೇ ಏರು ಬರುವಂತೆ ಜೋಡಿಸಿ. ಕತ್ತು ಮಾತ್ರ ಮಡಿಸಿದರೆ ನೋವೇ ಉಳಿಯುವುದು. ಮಲಗುವ ಅರ್ಧ ಗಂಟೆ ಮೊದಲು ಎರಡು ಟೀ ಚಮಚ ಜೇನು, ಹಾಗೆಯೇ ಚೀಪುತ್ತಾ ನುಂಗಬೇಕು. ಜೇನಿನ ಕೆಲಸ ಗಂಟಲಿಗೆ ಲೇಪ ಕಟ್ಟುವುದು, ಲೋಟ ನೀರಲ್ಲಿ ಕಲಸಿದರೆ ಆ ಲೇಪ ಸಿಗದು. ಚಳಿಗೆ ಬಾಟಲಿಯಲ್ಲಿ ಹರಳುಗಟ್ಟಿದ ಜೇನು ಕಲಬೆರಕೆ ಅಂತಲ್ಲ, ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟರೆ ಕರಗುತ್ತದೆ.

ಅರಿಶಿನದ ಹಾಲಿಗೆ 150 ಮಿಲಿ ಹಾಲು, ಕಾಲು ಟೀ ಚಮಚ ಅರಿಶಿನ, ಎರಡು ಕಾಳು ಮೆಣಸಿನ ಪುಡಿ, ಎರಡು ನಿಮಿಷ ಕುದಿ. ಕುದಿಸದೆ ಬೆರೆಸಿದ ಅರಿಶಿನ ತಳಕ್ಕೆ ಕೂತು ಕೊನೆಯ ಗುಟುಕು ಹಸಿ ಘಾಟು ಹೊಡೆಯುತ್ತದೆ. ಕೋಣೆಯಲ್ಲಿ ಒದ್ದೆ ಟವೆಲ್ ನೇತುಹಾಕಿದರೆ ಗಾಳಿಯ ಒಣಗು ಸ್ವಲ್ಪ ತಗ್ಗುತ್ತದೆ. ಚಳ್ಳಕೆರೆ ಕಂಬಳಿ ಬೆಚ್ಚಗೆ ಹೌದು, ಆದರೆ ಉಣ್ಣೆಯ ನವಿರು ಮೂಗಿಗೆ ಹೋದರೆ ಸೀನು ನಿಲ್ಲದು. ಕೆಳಗೊಂದು ಹತ್ತಿ ಹೊದಿಕೆ ಹಾಕಿ, ಅದರ ಅಂಚು ಕಂಬಳಿಯ ಮೇಲೆ ಮಡಚಿ ಬರಲಿ.

ಮಕ್ಕಳಿಗೆ ಬೇರೆಯೇ ನಿಯಮ

ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಆಗುವುದು ಮಾಮೂಲು. ದೊಡ್ಡವರ ಮದ್ದನ್ನು ಅರ್ಧ ಮಾಡಿ ಕೊಡುವುದು ಮಾತ್ರ ಸರಿಯಲ್ಲ.

ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಲೇಬಾರದು. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣು ಎಳೆಗರುಳಿನಲ್ಲಿ ಬೆಳೆದು ನರಗಳನ್ನು ಸ್ವಾಧೀನ ತಪ್ಪಿಸುವ ವಿಷ ಬಿಡುತ್ತದೆ. ಕುದಿಸಿದರೂ ಆ ಬೀಜಾಣು ಸಾಯುವುದಿಲ್ಲ. ವರ್ಷ ದಾಟಿದ ಮಗುವಿಗೆ ಮಲಗುವಾಗ ಅರ್ಧದಿಂದ ಒಂದು ಟೀ ಚಮಚ ಕೊಡಬಹುದು. ಕರ್ಪೂರ ಇನ್ನೊಂದು. ಎಣ್ಣೆಯಲ್ಲಿ ಕರಗಿಸಿ ಎದೆಗೆ ಹಚ್ಚುವುದು, ಗಂಟು ಕಟ್ಟಿ ತೊಟ್ಟಿಲಿಗೆ ಹಾಕುವುದು ರೂಢಿ. ಎರಡು ವರ್ಷದೊಳಗಿನವರಿಗೆ ಕರ್ಪೂರವಿರುವ ಎಣ್ಣೆ, ಬಾಮ್ ಬೇಡ. ಚೂರು ಬಾಯಿಗೆ ಹೋದರೂ ಫಿಟ್ಸ್ ಬರಬಹುದು. ಮೂಗಿಗೆ ಎಣ್ಣೆ ಬಿಡುವುದು, ಲೋಬಾನದ ಹೊಗೆ ಹಿಡಿಸುವುದು, ಬಜೆ ತೇಯ್ದು ನೆಕ್ಕಿಸುವುದು ಇವೂ ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ, ಹೊಗೆ ಉಸಿರ ನಾಳವನ್ನು ಕೆರಳಿಸುತ್ತದೆ. ಅಜ್ಜಿಯಂದಿರು ‘ನಾವೆಲ್ಲ ಹಂಗೇ ಬೆಳೆದಿಲ್ವಾ’ ಎಂದರೆ ಜಗಳಕ್ಕಿಳಿಯದೆ ಬೇರೊಂದು ಕೆಲಸ ಅವರ ಕೈಗೆ ಕೊಡಿ. ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೆಯಲ್ಲಿ ಮೂರು ಎಸಳು ಬೆಳ್ಳುಳ್ಳಿ ಕೆಂಪಗೆ ಕಾಯಿಸಿ, ಸೋಸಿ, ಮಣಿಕಟ್ಟಿನ ಒಳಭಾಗಕ್ಕೆ ಹಚ್ಚಿ ಬಿಸಿ ನೋಡಿ, ಅಂಗಾಲು ಬೆನ್ನಿಗೆ ಸವರಲಿ. ಹಸಿ ಬೆಳ್ಳುಳ್ಳಿ ಜಜ್ಜಿ ಚರ್ಮಕ್ಕೆ ಕಟ್ಟಿದರೆ ಬೊಬ್ಬೆ ಬರುತ್ತದೆ.

ಮೂಗು ಕಟ್ಟಿದ ಕೂಸು ಹಾಲು ಕುಡಿಯದೆ ಅಳುತ್ತದೆ. ಮೆಡಿಕಲ್ ಶಾಪಿನ ಉಪ್ಪುನೀರಿನ ಹನಿ, ಅಂದರೆ ಸಲೈನ್ ಡ್ರಾಪ್ಸ್, ಹಾಲೂಡಿಸುವ ಐದು ಹತ್ತು ನಿಮಿಷ ಮೊದಲು ಒಂದೊಂದು ಹೊಳ್ಳೆಗೆ ಎರಡು ಹನಿ ಬಿಡಿ. ಎದೆಹಾಲು ನಿಲ್ಲಿಸಬೇಡಿ, ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕುಡಿಸಿ.

ಕೆಮ್ಮಿನ ಸಿರಪ್ಪನ್ನು ಹೋದ ಸಲದ ಬಾಟಲಿಯಿಂದ ಸುರಿಯಬೇಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧ ಬರೆಯಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಸಲಹೆ ಮಾಡುವಂಥದ್ದಲ್ಲ ಎಂದು ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರ್‌ನಲ್ಲಿ ಸೂಚನೆ ಹೊರಡಿಸಿದೆ.

ಮಾತ್ರೆಯ ಜೊತೆ ಮನೆಮದ್ದು

ಜ್ವರ, ಮೈನೋವಿಗೆ ಪ್ಯಾರಾಸಿಟಮಾಲ್ ತಗೊಳ್ಳಬಹುದು. ಆದರೆ ‘ನೆಗಡಿ ಮಾತ್ರೆ’ ಎಂದು ಬಿಡಿಯಾಗಿ ಕೊಡುವ ಹಲವು ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಆಗಲೇ ಇರುತ್ತದೆ. ಎರಡನ್ನೂ ನುಂಗಿದರೆ ಲೆಕ್ಕ ದುಪ್ಪಟ್ಟು, ಪೆಟ್ಟು ಯಕೃತ್ತಿಗೆ. ಮಾತ್ರೆ ಪಟ್ಟಿಯ ಹಿಂಭಾಗದಲ್ಲಿರುವ ಔಷಧದ ಹೆಸರು ಓದಿ. ಮೂಗು ಬಿಡಿಸುವ ಔಷಧದ ಹನಿ ಮೂರು ದಿನ, ಹೆಚ್ಚೆಂದರೆ ಐದು. ಆಮೇಲೂ ಹಾಕುತ್ತಿದ್ದರೆ ಹನಿಯ ಅಭ್ಯಾಸಕ್ಕೇ ಮೂಗು ಕಟ್ಟತೊಡಗುತ್ತದೆ. ಸಿಂಬಳ ಹಳದಿ, ಹಸಿರಾದ ಮಾತ್ರಕ್ಕೆ ಆಂಟಿಬಯಾಟಿಕ್ ಬೇಡ. ಮೂರು ನಾಲ್ಕನೇ ದಿನ ಹಾಗಾಗುವುದು ನೆಗಡಿಯ ಸಹಜ ನಡೆ, ಆಂಟಿಬಯಾಟಿಕ್‌ಗೆ ವೈರಸ್ ಬಗ್ಗುವುದೂ ಇಲ್ಲ.

ಕಷಾಯ ಬಿಟ್ಟು ಹೊರಡಬೇಕಾದಾಗ

ಮಗುವಿನ ಅಂಗಿ ಎತ್ತಿ, ಅಳದೆ ಶಾಂತವಾಗಿ ಇರುವಾಗ ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನದಕ್ಕೆ 50, ಒಂದರಿಂದ ಐದು ವರ್ಷಕ್ಕೆ 40 ಅಥವಾ ಹೆಚ್ಚಿದ್ದರೆ ಅದು ನೆಗಡಿಯಲ್ಲಿ ಮುಗಿಯುವ ಮಾತಲ್ಲ. ಉಸಿರೆಳೆದಾಗ ಪಕ್ಕೆ ಒಳಗೆ ಸೇದುವುದು, ತುಟಿ ನೀಲಿಗಟ್ಟುವುದು, ಹಾಲು ಕುಡಿಯಲಾರದಷ್ಟು ಸೋಲುವುದು, ಎಬ್ಬಿಸಿದರೂ ಏಳದಿರುವುದು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಬೇರೆ ಲಕ್ಷಣಕ್ಕೆ ಕಾಯದೆ ಅವತ್ತೇ ತೋರಿಸಿ. ದಾವಣಗೆರೆಯಲ್ಲಿ ಚಿಗಟೇರಿ ಆಸ್ಪತ್ರೆ, ದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ ಇವೆ. ದೂರದ ಹಳ್ಳಿಯವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೊದಲು ಹೋಗುವುದೇ ವಾಸಿ.

ದೊಡ್ಡವರಲ್ಲಿ ಮೂರು ದಿನ ದಾಟಿದ ಜ್ವರ, ಏದುಸಿರು, ಎದೆನೋವು, ಕಫದಲ್ಲಿ ರಕ್ತ, ಇಳಿಯುತ್ತಿದ್ದ ನೆಗಡಿ ಮತ್ತೆ ಜ್ವರದೊಂದಿಗೆ ಮರುಕಳಿಸುವುದು, ಕೆನ್ನೆ ಹಣೆಯ ಒಂದೇ ಬದಿ ಬಿಗಿದು ನೋಯುವುದು ಇದ್ದರೆ ತೋರಿಸಿಕೊಳ್ಳಬೇಕು. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಕಫ ಪರೀಕ್ಷೆ ಉಚಿತ. ಅವರು ಕೊಡುವ ಡಬ್ಬಿಗೆ ಬೆಳಗ್ಗೆ ಎದ್ದ ಕೂಡಲೇ, ಬಾಯಿ ಬರೀ ನೀರಿನಲ್ಲಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ಬಂದ ಕಫ ಹಾಕಬೇಕು. ಎಂಜಲು ಕೊಟ್ಟರೆ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ, ಮತ್ತೊಮ್ಮೆ ಓಡಾಡಬೇಕಾಗುತ್ತದೆ.